ಮೌಂಟೇನ್ ಬೈಕ್ ಕೊಳ್ಳುವ ಮುನ್ನ: ಓಡಿಸಿ ನೋಡುವುದೋ, ಅಳತೆಪಟ್ಟಿಯನ್ನು ನಂಬುವುದೋ?

ಬೆಂಗಳೂರಿನ ಸೈಕಲ್ ಅಂಗಡಿಗೆ ಹೋಗಿ ಮೌಂಟೇನ್ ಬೈಕೊಂದನ್ನು ಓಡಿಸಿ ನೋಡಬೇಕೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಅಂಗಡಿಯ ಪಕ್ಕದ ಅಡ್ಡರಸ್ತೆಯಲ್ಲಿ ಎರಡು ಸುತ್ತು. ರಸ್ತೆ ಸಮತಟ್ಟಾಗಿರುತ್ತದೆ, ಇಕ್ಕೆಲಗಳಲ್ಲೂ ಕಾರುಗಳು ನಿಂತಿರುತ್ತವೆ, ಹಿಂದಿನಿಂದ ಆಟೋ ಹಾರ್ನ್ ಹೊಡೆಯುತ್ತಿರುತ್ತದೆ. ಕಲ್ಲು, ಬೇರು, ಕಡಿದಾದ ಏರು ಮತ್ತು ಸಡಿಲ ಮಣ್ಣಿನ ಇಳಿಜಾರುಗಳಿಗಾಗಿ ರೂಪಿಸಿದ ಸೈಕಲನ್ನು ಇಂಥ ಕಡೆ ಹತ್ತು ನಿಮಿಷ ತುಳಿದು, ಐವತ್ತು ಸಾವಿರವನ್ನೋ ಎರಡು ಲಕ್ಷವನ್ನೋ ಕೊಡುವ ತೀರ್ಮಾನಕ್ಕೆ ಬರಬಹುದೇ ಎಂಬ ಅನುಮಾನ ನ್ಯಾಯವಾದದ್ದೇ. ಅತ್ತ, ಒಮ್ಮೆಯೂ ಮುಟ್ಟಿ ನೋಡದೆ ಆನ್‌ಲೈನಿನಲ್ಲಿ ತರಿಸಿಕೊಂಡು ವರ್ಷಗಟ್ಟಲೆ ಸುಖವಾಗಿ ತುಳಿಯುತ್ತಿರುವವರೂ ಇದ್ದಾರೆ.

ಟೆಸ್ಟ್ ರೈಡ್ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಸೈಕಲಿನ ಸೈಜು ನಿಮ್ಮ ಮೈಗೆ ಹೊಂದುತ್ತದೆಯೇ, ಜೋಡಣೆಯಲ್ಲಿ ದೋಷವಿದೆಯೇ ಎಂಬ ಎರಡು ವಿಷಯಗಳನ್ನು ಅಂಗಡಿ ಮುಂದಿನ ಸಣ್ಣ ಸವಾರಿಯೂ ಸಾಕಷ್ಟು ನಂಬಿಕೆಯಿಂದ ತಿಳಿಸುತ್ತದೆ. ಕಾಡುಹಾದಿಯ ಮೇಲೆ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬ ಮೂರನೆಯ ವಿಷಯದಲ್ಲಿ ಮಾತ್ರ ಅದೇ ಸವಾರಿ ಎಷ್ಟೋ ಸಲ ತಲೆಕೆಳಗಾದ ಉತ್ತರ ಕೊಡುತ್ತದೆ. ಆದ್ದರಿಂದ ಕೊಳ್ಳುವವರ ಮುಂದಿರುವ ದಾರಿಗಳನ್ನು, ಎಂದರೆ ಅಂಗಡಿ ಮುಂದಿನ ಸವಾರಿ, ಕಂಪನಿ ಕೊಡುವ ಫ್ರೇಮಿನ ಅಳತೆಪಟ್ಟಿ ನೋಡಿ ತರಿಸುವುದು, ಬಾಡಿಗೆಗೆ ಪಡೆದು ಅರ್ಧ ದಿನ ಹಾದಿಯಲ್ಲಿ ಓಡಿಸುವುದು, ಪರಿಚಯದವರ ಸೈಕಲ್ ತುಳಿದು ನೋಡುವುದು, ಇವನ್ನು ಯಾವುದು ಯಾವ ಅನುಮಾನವನ್ನು ಬಗೆಹರಿಸುತ್ತದೆ ಎಂಬ ದೃಷ್ಟಿಯಿಂದ ತೂಗಿ ನೋಡುವುದು ಒಳ್ಳೆಯದು.

ಅಂಗಡಿ ಮುಂದಿನ ಸವಾರಿ: ನಂಬಬಹುದಾದದ್ದು

ಮೊದಲು ಸೈಜಿನ ಮಾತು. ನಮ್ಮ ಅಂಗಡಿಗಳಲ್ಲಿ ಎಲ್ಲ ಸೈಜುಗಳೂ ಒಟ್ಟಿಗೆ ಸಿಗುವುದು ಅಪರೂಪ. ಗೋಡೆಗೆ ಒರಗಿಸಿಟ್ಟ ಸೈಕಲ್ ಯಾವ ಸೈಜಿನದೋ ಅದನ್ನೇ ಬಂದವರಿಗೆಲ್ಲ ಹೊಂದಿಸುವ ಪ್ರಯತ್ನ ನಡೆಯುತ್ತದೆ. "ಸೀಟು ಸ್ವಲ್ಪ ಇಳಿಸಿಬಿಟ್ರೆ ನಿಮಗೆ ಕರೆಕ್ಟಾಗಿ ಕೂರುತ್ತೆ ಸರ್" ಎಂಬ ಮಾತನ್ನು ಸೈಕಲ್ ಕೊಳ್ಳಲು ಹೋದ ಬಹುತೇಕರು ಕೇಳಿರುತ್ತಾರೆ. ಸೀಟು ಇಳಿಸಿದರೆ ಕಾಲು ನೆಲಕ್ಕೆ ತಾಗುತ್ತದೆ, ನಿಜ. ಆದರೆ ಸೀಟಿನಿಂದ ಹ್ಯಾಂಡಲ್‌ವರೆಗಿನ ದೂರ ಅದರಿಂದ ಸರಿಹೋಗುವುದಿಲ್ಲ. ಫ್ರೇಮ್ ದೊಡ್ಡದಾಗಿದ್ದರೆ ಸವಾರ ಮುಂದಕ್ಕೆ ಚಾಚಿಕೊಂಡೇ ಇರಬೇಕಾಗುತ್ತದೆ, ಅಂಗೈಗಳ ಮೇಲೆ ಭಾರ ಬೀಳುತ್ತದೆ, ಇಳಿಜಾರಿನಲ್ಲಿ ಮುಂಚಕ್ರವನ್ನು ಹತೋಟಿಯಲ್ಲಿ ಇಡಲು ಕೈಗೆ ಬಾಗುವಷ್ಟು ಜಾಗವೇ ಉಳಿಯುವುದಿಲ್ಲ. ಚಿಕ್ಕದಾಗಿದ್ದರೆ ತಿರುವಿನಲ್ಲಿ ಮೊಣಕಾಲು ಹ್ಯಾಂಡಲ್‌ಗೆ ತಗುಲುತ್ತದೆ, ಏರಿನಲ್ಲಿ ಮುಂಚಕ್ರ ಮೇಲೇಳುತ್ತದೆ. ಇವನ್ನು ತಿಳಿಯಲು ಕಾಡಿಗೆ ಹೋಗಬೇಕಿಲ್ಲ. ಅಡ್ಡರಸ್ತೆಯ ಸವಾರಿಯಲ್ಲೇ ಗೊತ್ತಾಗುತ್ತದೆ. ಆದರೆ ಕೂತು ತುಳಿದರಷ್ಟೇ ಸಾಲದು. ಪೆಡಲ್‌ಗಳೆರಡನ್ನೂ ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ, ಸೀಟಿನಿಂದ ಎದ್ದು ನಿಂತು, ಮೊಣಕಾಲು ಮೊಣಕೈಗಳನ್ನು ಸಡಿಲವಾಗಿ ಬಾಗಿಸಿ ಒಂದು ರಸ್ತೆ ಉಬ್ಬನ್ನು ದಾಟಿ ನೋಡಬೇಕು. ಮೌಂಟೇನ್ ಬೈಕಿನಲ್ಲಿ ಕಷ್ಟದ ಜಾಗಗಳನ್ನೆಲ್ಲ ದಾಟುವುದು ನಿಂತುಕೊಂಡೇ.

ಇಲ್ಲಿ ಆನ್‌ಲೈನ್ ಮಾರಾಟದ ಒಂದು ಗೊಂದಲವನ್ನೂ ಹೇಳಿಬಿಡಬೇಕು. ಜಾಹೀರಾತುಗಳಲ್ಲಿ ದಪ್ಪ ಅಕ್ಷರಗಳಲ್ಲಿ ಕಾಣುವ 26ಟಿ, 27.5ಟಿ, 29ಟಿ ಎಂಬವು ಚಕ್ರದ ಅಳತೆಗಳೇ ಹೊರತು ಫ್ರೇಮಿನ ಸೈಜಲ್ಲ. ಐದೂಕಾಲು ಅಡಿಯವರಿಗೂ ಆರಡಿಯವರಿಗೂ 29 ಇಂಚಿನ ಚಕ್ರದ ಸೈಕಲ್ ಇರಬಹುದು. ಅವರಿಬ್ಬರ ಫ್ರೇಮುಗಳು ಬೇರೆ ಬೇರೆಯಾಗಿರಬೇಕು. ಕಡಿಮೆ ಬೆಲೆಯ ಎಷ್ಟೋ ಮಾದರಿಗಳು ಒಂದೇ ಫ್ರೇಮ್ ಸೈಜಿನಲ್ಲಿ ಬರುತ್ತವೆ, ಅವುಗಳ ವಿವರದಲ್ಲಿ ಚಕ್ರದ ಅಳತೆಯನ್ನು ಮಾತ್ರ ಎದ್ದು ಕಾಣುವಂತೆ ಬರೆದಿರುತ್ತಾರೆ. ಫ್ರೇಮಿನ ಅಳತೆಯನ್ನು ಎಲ್ಲಿಯೂ ಕೊಡದ ಸೈಕಲನ್ನು ಓಡಿಸಿ ನೋಡದೆ ಕೊಳ್ಳುವುದು ಸರಿಯಲ್ಲ.

ಜೋಡಣೆಯ ದೋಷಗಳೂ ಅಂಗಡಿಯಲ್ಲೇ ಹೊರಬೀಳುತ್ತವೆ. ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಸೈಕಲನ್ನು ಹಿಂದೆಮುಂದೆ ಅಲುಗಿಸಿದಾಗ ಹ್ಯಾಂಡಲ್ ಕೆಳಗಿನ ಬೇರಿಂಗಿನಲ್ಲಿ ಟಕ್ ಟಕ್ ಎಂದರೆ ಅದು ಸಡಿಲವಾಗಿದೆ. ಮುಂಚಕ್ರವನ್ನು ಎತ್ತಿ ಹ್ಯಾಂಡಲನ್ನು ಬೆರಳಿನಿಂದ ತಳ್ಳಿದಾಗ ಸರಾಗವಾಗಿ ಹೊರಳದಿದ್ದರೆ ಅತಿಯಾಗಿ ಬಿಗಿಯಾಗಿದೆ. ತುಳಿಯುತ್ತಲೇ ಎಲ್ಲ ಗೇರುಗಳನ್ನೂ ಒಂದೊಂದಾಗಿ ಬದಲಿಸಿ, ಚೈನು ತಡವರಿಸುತ್ತದೆಯೇ ನೋಡಬೇಕು. ಇವೆಲ್ಲ ಸರಿಪಡಿಸಬಹುದಾದ ಸಂಗತಿಗಳೇ. ಇವುಗಳಿಂದಾಗಿ ಸೈಕಲನ್ನು ತಿರಸ್ಕರಿಸಬೇಕಿಲ್ಲ, ಆದರೆ ಅಂಗಡಿಯ ಮೆಕ್ಯಾನಿಕ್ ಎಂಥವರೆಂಬುದು ಇದರಿಂದಲೇ ಗೊತ್ತಾಗುತ್ತದೆ.

ನಂಬಬಾರದ ಸಂಗತಿಗಳು

ಸಮತಟ್ಟು ರಸ್ತೆಯಲ್ಲಿ ನಡೆಯುವ ವೇಗಕ್ಕೆ ಹತ್ತಿರದ ವೇಗದಲ್ಲಿ ಓಡಿಸಿದಾಗ, ಮುಂಚಕ್ರವನ್ನು ಹಿಡಿದಿರುವ ಫೋರ್ಕ್ ಹೆಚ್ಚು ನೆಟ್ಟಗಿರುವ, ಚಕ್ರಗಳ ನಡುವಿನ ಅಂತರ ಕಡಿಮೆಯಿರುವ ಸೈಕಲ್ ಬಹಳ ಚುರುಕಾಗಿದೆ ಅನಿಸುತ್ತದೆ. ಹ್ಯಾಂಡಲ್ ಮುಟ್ಟಿದರೆ ತಿರುಗುತ್ತದೆ, ಚಿಕ್ಕ ಜಾಗದಲ್ಲಿ ಸುತ್ತು ಹಾಕುತ್ತದೆ. ಫೋರ್ಕ್ ಮುಂದಕ್ಕೆ ಚಾಚಿಕೊಂಡಿರುವ ಸೈಕಲ್ ಅದೇ ಜಾಗದಲ್ಲಿ ಮಂದವಾಗಿದೆ, ಮುಂಚಕ್ರ ತಾನಾಗಿಯೇ ಪಕ್ಕಕ್ಕೆ ಹೊರಳುತ್ತಿದೆ ಅನಿಸುತ್ತದೆ. ಇವೆರಡನ್ನೂ ಕಲ್ಲು ತುಂಬಿದ ಇಳಿಜಾರಿಗೆ ಒಯ್ದು ಗಂಟೆಗೆ 25 ಕಿ.ಮೀ. ವೇಗದಲ್ಲಿ ಬಿಟ್ಟರೆ ಮೊದಲನೆಯದು ಪ್ರತಿ ಕಲ್ಲಿಗೂ ಬೆಚ್ಚುತ್ತದೆ, ಎರಡನೆಯದು ಹಿಡಿದ ಗೆರೆಯನ್ನು ಬಿಡದೆ ಸಾಗುತ್ತದೆ. ಏರು ಹತ್ತುವುದಕ್ಕೂ ವೇಗಕ್ಕೂ ಒತ್ತು ಕೊಡುವ ಕ್ರಾಸ್ ಕಂಟ್ರಿ ಸೈಕಲ್‌ಗಳಲ್ಲಿ ಈ ಮುಂಗೋನ, ಎಂದರೆ ನೆಲಕ್ಕೂ ಫೋರ್ಕಿಗೂ ನಡುವಿನ ಕೋನ, ಸುಮಾರು 67ರಿಂದ 69 ಡಿಗ್ರಿ, ಒರಟು ಇಳಿಜಾರುಗಳನ್ನೂ ನಿಭಾಯಿಸುವ ಟ್ರೇಲ್ ಸೈಕಲ್‌ಗಳಲ್ಲಿ 64ರಿಂದ 66 ಡಿಗ್ರಿ, ಹಳೆಯ ಅಥವಾ ಅಗ್ಗದ ಮಾದರಿಗಳಲ್ಲಿ 70–71 ಡಿಗ್ರಿಯವರೆಗೂ ಇರುತ್ತದೆ. ಅಡ್ಡರಸ್ತೆಯ ಅನುಭವವನ್ನು ಮಾತ್ರ ನಂಬಿದವರು, ಅವರಿಗೆ ಬೇಕಿದ್ದುದು ಇಳಿಜಾರಿನ ಸೈಕಲಾದರೂ, ಮೇಲಿಂದ ಮೇಲೆ ನೆಟ್ಟಗಿನ ಕೋನವನ್ನೇ ಆರಿಸುತ್ತಾರೆ.

ಸೀಟಿನ ಕೊಳವೆಯ ಕೋನದ ವಿಷಯದಲ್ಲಿ ಇನ್ನೂ ಮೋಸಹೋಗುವುದುಂಟು. ಮೆಕ್ಯಾನಿಕ್‌ಗಳು ಬಿಬಿ ಎಂದು ಕರೆಯುವ, ಪೆಡಲ್ ತೋಳುಗಳು ತಿರುಗುವ ನಡು ಅಚ್ಚಿನಿಂದ ಸೀಟಿನವರೆಗೆ 70 ಸೆಂ.ಮೀ. ಇಟ್ಟುಕೊಳ್ಳುವ ಸವಾರನೊಬ್ಬನು 73 ಡಿಗ್ರಿಯ ಕೋನವಿರುವ ಸೈಕಲಿನಿಂದ 76 ಡಿಗ್ರಿಯ ಸೈಕಲಿಗೆ ಬಂದರೆ ಅವನ ಸೀಟು ಸುಮಾರು 35 ಮಿ.ಮೀ. ಮುಂದಕ್ಕೆ ಬರುತ್ತದೆ. ಸಮತಟ್ಟು ರಸ್ತೆಯಲ್ಲಿ ಇದರಿಂದ ಕೈಗಳ ಮೇಲೆ ಭಾರ ಹೆಚ್ಚಾಯಿತೆಂದು ಅವನಿಗೆ ಅನಿಸುವುದು ಖಂಡಿತ, ಹಾಗೆ ಅನಿಸಿದ ಕೂಡಲೇ ಸೈಕಲ್ ತನಗಲ್ಲವೆಂದು ತೀರ್ಮಾನಿಸುವ ಸಂಭವವೂ ಇದೆ. ಕಡಿದಾದ ಏರಿನಲ್ಲಿ ಇಡೀ ಸೈಕಲೇ ಹಿಂದಕ್ಕೆ ವಾಲುವುದರಿಂದ ಆ 35 ಮಿ.ಮೀ. ಅಲ್ಲಿ ಉಪಕಾರವಾಗಿ ಪರಿಣಮಿಸುತ್ತದೆ: ದೇಹ ಪೆಡಲ್‌ಗಳ ಮೇಲೆಯೇ ಉಳಿಯುತ್ತದೆ, ಮುಂಚಕ್ರ ನೆಲ ಬಿಡುವುದಿಲ್ಲ. ಹೀಗಾಗಿ ಏರಿಲ್ಲದ ಕಡೆ ಮಾಡಿದ ಟೆಸ್ಟ್ ರೈಡ್‌ನಿಂದ ಸೀಟಿನ ಕೋನದ ಬಗ್ಗೆ ಅಭಿಪ್ರಾಯ ಕಟ್ಟಿಕೊಳ್ಳಬಾರದು. ಅಂಗಡಿಯಿರುವ ಕಟ್ಟಡಕ್ಕೆ ನೆಲಮಾಳಿಗೆಯ ಪಾರ್ಕಿಂಗ್ ಇದ್ದರೆ, ಕಾವಲುಗಾರರನ್ನು ಕೇಳಿ ಅದರ ಇಳಿಜಾರಿನಲ್ಲಿ ನಾಲ್ಕು ಸಲ ಹತ್ತಿ ಇಳಿಯುವುದು ರಸ್ತೆಯಲ್ಲಿ ಹತ್ತು ಸುತ್ತು ಹಾಕುವುದಕ್ಕಿಂತ ಉಪಯುಕ್ತ. ನಗರದೊಳಗೆ ಸುಲಭವಾಗಿ ಸಿಗುವ ಏರು ಅದೊಂದೇ.

ಟಯರಿನ ಗಾಳಿಯೂ ತೀರ್ಪನ್ನು ಕೆಡಿಸುತ್ತದೆ. ಅಂಗಡಿಯಲ್ಲಿ ತಿಂಗಳುಗಟ್ಟಲೆ ನಿಲ್ಲುವ ಸೈಕಲಿಗೆ ಗಾಳಿಯನ್ನು ಗಟ್ಟಿಯಾಗಿ ತುಂಬಿಸಿಟ್ಟಿರುತ್ತಾರೆ, 40–50 ಪಿಎಸ್‌ಐ ಇದ್ದರೆ ಆಶ್ಚರ್ಯವಿಲ್ಲ. ಎಪ್ಪತ್ತು ಕಿಲೋ ತೂಕದ ಸವಾರ 2.2 ಇಂಚಿನ ಟ್ಯೂಬ್ ಟಯರುಗಳಲ್ಲಿ ಮಣ್ಣುಹಾದಿಗೆ ಇಟ್ಟುಕೊಳ್ಳುವುದು 25–30 ಪಿಎಸ್‌ಐ ಆಸುಪಾಸು. ಗಟ್ಟಿ ಟಯರಿನ ಸೈಕಲ್ ಟಾರು ರಸ್ತೆಯಲ್ಲಿ ಹಗುರವಾಗಿ ಓಡುತ್ತದೆ, ಮೆತ್ತಗಿನದು ಎಳೆದಂತಾಗುತ್ತದೆ. ಒಂದು ಸೈಕಲಿನಲ್ಲಿ 45, ಇನ್ನೊಂದರಲ್ಲಿ 28 ಇದ್ದಾಗ ಅವೆರಡರ ಫ್ರೇಮುಗಳನ್ನು ಹೋಲಿಸುತ್ತಿದ್ದೇನೆ ಎಂದುಕೊಂಡರೆ ನಿಜವಾಗಿ ಹೋಲಿಸುತ್ತಿರುವುದು ಗಾಳಿಯನ್ನು. ಅಗ್ಗದ ಸೈಕಲ್‌ಗಳ ಮಟ್ಟಿಗೆ, ಎರಡು ಮಾದರಿಗಳ ನಡುವಿನ ವ್ಯತ್ಯಾಸಕ್ಕಿಂತ ಎರಡು ಒತ್ತಡಗಳ ನಡುವಿನ ವ್ಯತ್ಯಾಸವೇ ದೊಡ್ಡದೆಂದು ನನ್ನ ಅಭಿಪ್ರಾಯ.

ಹೊಸ ಡಿಸ್ಕ್ ಬ್ರೇಕುಗಳದ್ದೂ ಅದೇ ಕತೆ. ಪ್ಯಾಡುಗಳ ವಸ್ತು ಡಿಸ್ಕಿನ ಮೇಲೆ ತೆಳ್ಳಗೆ ಕೂರುವವರೆಗೆ, ಎಂದರೆ ಸಾಧಾರಣ ವೇಗದಿಂದ ಇಪ್ಪತ್ತು ಸಲವಾದರೂ ಹದವಾಗಿ ಹಿಡಿದು ನಿಧಾನಿಸುವವರೆಗೆ, ಒಳ್ಳೆಯ ಹೈಡ್ರಾಲಿಕ್ ಬ್ರೇಕೂ ದುರ್ಬಲವಾಗಿಯೇ ಇರುತ್ತದೆ. ಹೊಸ ಸೈಕಲಿನ ಬ್ರೇಕ್ ಹಿಡಿಯುವುದಿಲ್ಲವೆಂದು ದೂರುವ ಮುನ್ನ ಇದನ್ನು ನೆನಪಿಡಬೇಕು. ಸುರಕ್ಷತೆಯ ದೃಷ್ಟಿಯಿಂದ ಇನ್ನೊಂದು ಮಾತು: ಕೆಲವು ಸೈಕಲ್‌ಗಳಲ್ಲಿ ಬಲಗೈ ಬ್ರೇಕ್ ಮುಂಚಕ್ರಕ್ಕೆ, ಕೆಲವದರಲ್ಲಿ ಹಿಂಚಕ್ರಕ್ಕೆ ಜೋಡಿಸಿರುತ್ತದೆ. ಹತ್ತುವ ಮೊದಲೇ ಯಾವುದು ಯಾವುದಕ್ಕೆಂದು ತಿಳಿದುಕೊಳ್ಳದಿದ್ದರೆ ಮೊದಲ ತಿರುವಿನಲ್ಲೇ ಮುಗ್ಗರಿಸುವ ಅಪಾಯವಿದೆ.

ಅಂಗಡಿಯಲ್ಲೇ ಹೆಚ್ಚು ತಿಳಿದುಕೊಳ್ಳುವ ಬಗೆ

ಅಂಗಡಿಯ ಸವಾರಿಯೊಂದೇ ಸಾಧ್ಯವಿರುವವರು ಅದರ ಬೆಲೆಯನ್ನು ಹೆಚ್ಚಿಸಿಕೊಳ್ಳಬಹುದು. ವಾರದ ದಿನ ಬೆಳಿಗ್ಗೆ ಹೋದರೆ ಅಂಗಡಿಯವರಿಗೂ ಪುರುಸೊತ್ತಿರುತ್ತದೆ. ಶನಿವಾರ ಸಂಜೆ ಹೋಗಿ ಸಸ್ಪೆನ್ಷನ್ ಹೊಂದಿಸಿಕೊಡಿ ಎಂದು ಕೇಳುವುದು ಯಾರಿಗೂ ಹಿತವಲ್ಲ. ನೀವು ಸವಾರಿಗೆ ಹಾಕಿಕೊಳ್ಳುವ ಶೂಗಳನ್ನೇ ಹಾಕಿಕೊಂಡು ಹೋಗಬೇಕು. ಚಪ್ಪಲಿ ಕಾಲಿನಲ್ಲಿ ಪೆಡಲ್ ಮೇಲೆ ನಿಂತು ಉಬ್ಬು ದಾಟುವ ಪರೀಕ್ಷೆ ಮಾಡಲಾಗದು. ಹೆಲ್ಮೆಟ್, ಅಳೆಯುವ ಟೇಪು, ಗುರುತಿನ ಚೀಟಿ ಜೊತೆಗಿರಲಿ. ಹಲವು ಅಂಗಡಿಗಳು ಚೀಟಿಯನ್ನೋ ಮುಂಗಡವನ್ನೋ ಇಟ್ಟುಕೊಂಡೇ ಸೈಕಲ್ ಕೊಡುತ್ತವೆ. ಸವಾರಿಯಲ್ಲಿ ಗೀಚಾದರೆ ಖರ್ಚು ಯಾರದೆಂದು ಮೊದಲೇ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಸ್ಪ್ರಿಂಗಿನ ಬದಲು ಗಾಳಿಯ ಒತ್ತಡದಿಂದ ಕೆಲಸ ಮಾಡುವ ಏರ್ ಫೋರ್ಕ್ ಅಥವಾ ಹಿಂಚಕ್ರದ ಕಡೆ ಏರ್ ಶಾಕ್ ಇರುವ ಸೈಕಲಾದರೆ ನಿಮ್ಮ ತೂಕಕ್ಕೆ ತಕ್ಕಂತೆ ಗಾಳಿ ಹೊಂದಿಸದೆ ಓಡಿಸುವುದರಲ್ಲಿ ಅರ್ಥವಿಲ್ಲ. ಫೋರ್ಕಿನ ಹೊಳೆಯುವ ಕಾಲಿನ ಮೇಲೆ ರಬ್ಬರಿನ ಸಣ್ಣ ಉಂಗುರವೊಂದಿರುತ್ತದೆ. ಅದನ್ನು ಕೆಳಕ್ಕೆ, ಸೀಲಿನವರೆಗೆ ತಳ್ಳಿ, ಗೋಡೆಗೆ ಕೈಯಾನಿಸಿಕೊಂಡು ಸೈಕಲ್ ಮೇಲೆ ಸವಾರಿಯ ಭಂಗಿಯಲ್ಲಿ ಅಲುಗದೆ ನಿಂತು, ಮತ್ತೆ ಮೆಲ್ಲಗೆ ಇಳಿದರೆ ಉಂಗುರ ಎಷ್ಟು ಮೇಲೆ ಸರಿದಿದೆಯೋ ಅಷ್ಟು ನಿಮ್ಮ ಭಾರಕ್ಕೆ ಫೋರ್ಕ್ ಕುಗ್ಗಿದೆ ಎಂದು ಲೆಕ್ಕ. 120 ಮಿ.ಮೀ. ಫೋರ್ಕಿನಲ್ಲಿ ಐದನೆಯ ಒಂದು ಭಾಗ, ಎಂದರೆ 24 ಮಿ.ಮೀ. ಸುತ್ತಮುತ್ತ ಕುಗ್ಗಿದರೆ ಸರಿ. ಹಿಂದಿನ ಶಾಕಿಗೆ 25ರಿಂದ 30 ಪ್ರತಿಶತ ಇಡುವುದು ರೂಢಿ; ಶಾಕಿನ ದಂಡ ಒಟ್ಟು 50 ಮಿ.ಮೀ. ಚಲಿಸುವಂಥದ್ದಾದರೆ 12ರಿಂದ 15 ಮಿ.ಮೀ. ಆಯಿತು. ಶಾಕ್ ಪಂಪು ತಂದು ಇಷ್ಟು ಮಾಡಲು ಐದು ನಿಮಿಷ ಸಾಕು. ಫುಲ್ ಸಸ್ಪೆನ್ಷನ್, ಎಂದರೆ ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಸೈಕಲ್ ಮಾರುವ ಅಂಗಡಿಯವರು ಇದಕ್ಕೂ ಬೇಸರಪಟ್ಟರೆ ಬೇರೆ ಅಂಗಡಿ ನೋಡುವುದು ವಾಸಿ. ಅಗ್ಗದ ಕಾಯಿಲ್ ಸ್ಪ್ರಿಂಗ್ ಫೋರ್ಕುಗಳಲ್ಲಿ ಹೀಗೆ ಹೊಂದಿಸಲು ಹೆಚ್ಚೇನೂ ಇರುವುದಿಲ್ಲ; ಅಲ್ಲಿ ಈ ಕಸರತ್ತು ಬೇಕಿಲ್ಲ.

ಎರಡು ಸೈಕಲ್‌ಗಳ ನಡುವೆ ಆರಿಸುವುದಾದರೆ ಎರಡಕ್ಕೂ ಒಂದೇ ಒತ್ತಡದ ಗಾಳಿ ಹಾಕಿಸಿ, ಒಂದೇ ದಾರಿಯಲ್ಲಿ ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು ಎಂಬ ಕ್ರಮದಲ್ಲಿ ಓಡಿಸಬೇಕು. ಮೊದಲ ಸೈಕಲಿಗೆ ಮರಳಿದಾಗ, ಆರಂಭದಲ್ಲಿ ವಿಚಿತ್ರವೆನಿಸಿದ್ದು ಹೊಸತೆಂಬ ಕಾರಣಕ್ಕೋ ನಿಜವಾಗಿ ಹೊಂದದ ಕಾರಣಕ್ಕೋ ಎಂಬುದು ಬೇರ್ಪಡುತ್ತದೆ.

ಗೇರುಗಳ ಸಂಖ್ಯೆ ಕೇಳಿ ಮರುಳಾಗಬಾರದು. ಮುಂದೆ ಮೂರು, ಹಿಂದೆ ಎಂಟು ಹಲ್ಲುಚಕ್ರಗಳ 24 ಗೇರಿನ ಸೈಕಲಿನಲ್ಲಿ ಅತಿ ಹಗುರದ ಗೇರು ಮುಂದೆ 22 ಹಲ್ಲು, ಹಿಂದೆ 34 ಹಲ್ಲು ಎಂದಿಟ್ಟುಕೊಂಡರೆ ಅನುಪಾತ 0.65, ಮುಂದೆ ಒಂದೇ 32 ಹಲ್ಲಿನ ಚಕ್ರವಿದ್ದು ಹಿಂದೆ 51 ಹಲ್ಲಿನವರೆಗೆ ಹೋಗುವ 12 ಗೇರಿನ ಸೈಕಲಿನಲ್ಲಿ 0.63. ಏರು ಹತ್ತುವ ಮಟ್ಟಿಗೆ ಎರಡೂ ಒಂದೇ. ಮುಂದಿನ ಗೇರು ಬದಲಿಸುವ ರಗಳೆ ಎರಡನೆಯದರಲ್ಲಿಲ್ಲ, ಚೈನು ಕಳಚುವುದೂ ಕಡಿಮೆ.

ಅಳತೆಪಟ್ಟಿಯನ್ನು ಯಾರು ನಂಬಬಹುದು

ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಗಳಲ್ಲಿರುವವರಿಗೆ ಬೇಕಾದ ಮಾದರಿ ಬೇಕಾದ ಸೈಜಿನಲ್ಲಿ ಊರಿನಲ್ಲೇ ಸಿಗುವುದು ಕಷ್ಟ. ಇನ್ನು ಜರ್ಮನಿಯ ಕ್ಯಾನಿಯನ್‌ನಂಥ ಕಂಪನಿಗಳು ಬಹುಪಾಲು ನೇರವಾಗಿ ಆನ್‌ಲೈನಿನಲ್ಲೇ ಮಾರುವುದರಿಂದ ಹೊರದೇಶಗಳಲ್ಲಿರುವ ಕನ್ನಡಿಗರೂ ಅಂಥ ಸೈಕಲನ್ನು ಓಡಿಸದೆಯೇ ಕೊಳ್ಳಬೇಕಾಗಿ ಬರುತ್ತದೆ. ಹಾಗೆ ಕೊಳ್ಳುವುದು ಅವಿವೇಕವೇನಲ್ಲ. ಆದರೆ ಒಂದು ಷರತ್ತಿದೆ. ನಿಮಗೆ ಹೊಂದುವ ಸೈಕಲೊಂದರ ಅಳತೆಗಳು ಮೊದಲೇ ಗೊತ್ತಿರಬೇಕು. ಪಟ್ಟಿಯಲ್ಲಿನ ಅಂಕಿಗಳಿಗೆ ತಮ್ಮಷ್ಟಕ್ಕೆ ಅರ್ಥವಿಲ್ಲ, ಪರಿಚಿತ ಸೈಕಲಿನ ಅಂಕಿಗಳ ಪಕ್ಕದಲ್ಲಿಟ್ಟಾಗಷ್ಟೇ ಅವು ಮಾತಾಡುತ್ತವೆ.

ಮುಖ್ಯವಾಗಿ ನೋಡಬೇಕಾದವು ರೀಚ್ ಮತ್ತು ಸ್ಟ್ಯಾಕ್. ಬಿಬಿಯ ನಡುವಿನಿಂದ ನೇರ ಮೇಲಕ್ಕೆ ಎಳೆದ ಗೆರೆಗೂ ಫೋರ್ಕ್ ಹಾದುಹೋಗುವ ಫ್ರೇಮಿನ ಮುಂಗೊಳವೆಯಾದ ಹೆಡ್ ಟ್ಯೂಬಿನ ಮೇಲ್ತುದಿಯ ನಡುವಿಗೂ ಇರುವ ಅಡ್ಡ ದೂರ ರೀಚ್; ಬಿಬಿಯಿಂದ ಅದೇ ತುದಿಗೆ ಇರುವ ಎತ್ತರ ಸ್ಟ್ಯಾಕ್. ನಿಂತು ಓಡಿಸುವಾಗ ಸೈಕಲ್ ಎಷ್ಟು ಉದ್ದವೆನಿಸುತ್ತದೆ ಎಂಬುದನ್ನು ರೀಚ್ ಹೇಳುತ್ತದೆ. ಹಳೆಯ ಮಾದರಿಗಳ ಮೀಡಿಯಂ ಸೈಜಿನಲ್ಲಿ 400–420 ಮಿ.ಮೀ. ರೀಚ್ ಇದ್ದು, 80–100 ಮಿ.ಮೀ. ಉದ್ದದ ಸ್ಟೆಮ್, ಎಂದರೆ ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು, ಹಾಕಿರುತ್ತಿದ್ದರು. ಈಗಿನ ಟ್ರೇಲ್ ಸೈಕಲಿನ ಮೀಡಿಯಂನಲ್ಲಿ ರೀಚ್ 440–460ಕ್ಕೆ ಏರಿದೆ, ಸ್ಟೆಮ್ 35–50ಕ್ಕೆ ಇಳಿದಿದೆ. ಆದ್ದರಿಂದ ಹತ್ತು ವರ್ಷದ ಹಿಂದಿನ ಮೀಡಿಯಂ ಸೈಕಲ್ ಹೊಂದುತ್ತಿತ್ತೆಂದು ಇಂದಿನ ಮೀಡಿಯಂ ಅನ್ನು ಅಕ್ಷರ ನೋಡಿ ತರಿಸುವುದು ತಪ್ಪು. ಒಂದೇ ವರ್ಷದ ಎರಡು ಕಂಪನಿಗಳ ಮೀಡಿಯಂಗಳ ನಡುವೆಯೂ 20 ಮಿ.ಮೀ. ಅಂತರ ಇರಬಹುದು. ಸ್ಟೆಮ್ ಕೆಳಗೆ 10 ಮಿ.ಮೀ. ಸ್ಪೇಸರ್ ಉಂಗುರ ಸೇರಿಸಿದರೆ ಹ್ಯಾಂಡಲ್ ಮೇಲೇರುವುದರ ಜೊತೆಗೆ ಸುಮಾರು 4 ಮಿ.ಮೀ. ಹಿಂದಕ್ಕೂ ಬರುತ್ತದೆ, ಫೋರ್ಕ್ ಓರೆಯಾಗಿರುವುದೇ ಅದಕ್ಕೆ ಕಾರಣ. ಪಟ್ಟಿಯಲ್ಲಿ ಕಾಣದ ಇಂಥ ಸಣ್ಣ ಸಂಗತಿಗಳು ಸೇರಿಕೊಂಡಾಗ ನಿಜವಾದ ಅನುಭವ ಬದಲಾಗುತ್ತದೆ.

ಮೊದಲ ಸಲ ಮೌಂಟೇನ್ ಬೈಕ್ ಕೊಳ್ಳುವವರಿಗೆ ಹೋಲಿಸಿ ನೋಡಲು ಹಳೆಯ ಸೈಕಲೇ ಇರುವುದಿಲ್ಲ, ಅವರು ಪಟ್ಟಿಯನ್ನು ನೆಚ್ಚಿಕೊಳ್ಳಬಾರದು. ಅವರಿಗೆ ಊರಿನ ಅಂಗಡಿಯಲ್ಲಿ ಸಿಗುವ, ಎರಡನೆಯ ಆಯ್ಕೆಯ ಮಾದರಿಯನ್ನಾದರೂ ಸರಿಯಾದ ಸೈಜಿನಲ್ಲಿ ಓಡಿಸಿ ನೋಡಿ ಕೊಳ್ಳುವುದೇ, ದೂರದಿಂದ ಬರುವ ಮೊದಲ ಆಯ್ಕೆಯ ಮಾದರಿಗಿಂತ ಕ್ಷೇಮ. ಡೆಕಾಥ್ಲಾನ್‌ನಂಥ ದೊಡ್ಡ ಮಳಿಗೆಗಳಲ್ಲಿ ರಾಕ್‌ರೈಡರ್ ಸೈಕಲ್‌ಗಳನ್ನು ಬೇರೆ ಬೇರೆ ಸೈಜುಗಳಲ್ಲಿ ಹತ್ತಿ ನೋಡುವ ಅನುಕೂಲವಿರುತ್ತದೆ. ಕೊನೆಗೆ ಬೇರೆ ಕಂಪನಿಯದನ್ನೇ ಕೊಂಡರೂ, ಅಲ್ಲಿ ಹೊಂದಿದ ಸೈಜಿನ ರೀಚ್, ಸ್ಟ್ಯಾಕ್‌ಗಳನ್ನು ಬರೆದಿಟ್ಟುಕೊಂಡರೆ ಹೋಲಿಸಲು ಒಂದು ಆಧಾರ ಸಿಗುತ್ತದೆ.

ಹಾದಿಯ ಮೇಲೆ ಅರ್ಧ ದಿನ

ಸೈಕಲಿನ ನಿಜವಾದ ಗುಣ ತಿಳಿಯುವುದು ಇಲ್ಲೇ. ಪಾಶ್ಚಾತ್ಯ ದೇಶಗಳಲ್ಲಿ ಅಂಗಡಿಗಳು ದಿನದ ಶುಲ್ಕ ಪಡೆದು ಡೆಮೊ ಸೈಕಲ್ ಕೊಡುವುದೂ, ಕೊಂಡರೆ ಆ ಶುಲ್ಕವನ್ನು ಬೆಲೆಯಲ್ಲಿ ಕಳೆಯುವುದೂ ಸಾಮಾನ್ಯ. ಕೆನಡಾದ ವಿಸ್ಲರ್‌ನಂಥ ಬೈಕ್ ಪಾರ್ಕುಗಳಲ್ಲಿ ದುಬಾರಿ ಫುಲ್ ಸಸ್ಪೆನ್ಷನ್ ಸೈಕಲ್‌ಗಳು ಬಾಡಿಗೆಗೇ ಸಿಗುತ್ತವೆ. ಅಲ್ಲಿರುವ ಕನ್ನಡಿಗರು ಈ ಅನುಕೂಲವನ್ನು ಬಿಟ್ಟು ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಓಡಿಸಿ ತೃಪ್ತರಾಗುವುದಕ್ಕೆ ಕಾರಣವೇ ಇಲ್ಲ. ಇಲ್ಲಿ ನಮ್ಮಲ್ಲಿ ಬಾಡಿಗೆಗೆ ಸಿಗುವವು ಹೆಚ್ಚಾಗಿ ಹಾರ್ಡ್‌ಟೇಲ್‌ಗಳು, ಎಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವವು, ಅವೂ ಸಾಕಷ್ಟು ಸವೆದವು. ಹಾಗಿದ್ದರೂ 27.5 ಮತ್ತು 29 ಇಂಚಿನ ಚಕ್ರಗಳ ನಡುವೆ, ಅಗಲ ಹ್ಯಾಂಡಲ್ ಮತ್ತು ಕಿರಿದಾದ ಹ್ಯಾಂಡಲ್‌ಗಳ ನಡುವೆ ನಿಮಗೆ ಯಾವುದು ಹಿತ ಎಂದು ತಿಳಿಯಲು ಅವು ಸಾಕು. ಕೊಳ್ಳಲಿರುವ ಸೈಕಲೇ ಸಿಗಬೇಕೆಂಬ ಹಟ ಬೇಡ. ಅದಕ್ಕೆ ಹತ್ತಿರದ ಕೋನ, ಹತ್ತಿರದ ರೀಚ್ ಇರುವ ಯಾವುದೇ ಸೈಕಲಿನಲ್ಲಿ ಎರಡು ಗಂಟೆ ಕಳೆಯುವುದು, ಅದೇ ಸೈಕಲನ್ನು ಹತ್ತು ನಿಮಿಷ ಟಾರು ರಸ್ತೆಯಲ್ಲಿ ಓಡಿಸುವುದಕ್ಕಿಂತ ಹೆಚ್ಚು ಹೇಳುತ್ತದೆ.

ಹಾದಿಯನ್ನು ಆರಿಸುವಾಗ ನೀವು ಮುಂದೆ ನಿಜವಾಗಿ ಎಲ್ಲಿ ಓಡಿಸುವಿರಿ ಎಂಬುದನ್ನು ನೋಡಬೇಕು. ಬೆಂಗಳೂರಿನಲ್ಲಿ ಕನಕಪುರ ರಸ್ತೆಯ ಕಡೆಯ ತುರಹಳ್ಳಿ, ಯಲಹಂಕದ ಬಳಿಯ ಆವಲಹಳ್ಳಿ ಸವಾರರಿಗೆ ಪರಿಚಿತ ಜಾಗಗಳು. ಇವು ಅರಣ್ಯ ಪ್ರದೇಶಗಳಾದ್ದರಿಂದ ಪ್ರವೇಶದ ನಿಯಮವನ್ನು ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಬಂಡೆ ಮತ್ತು ಒಣ ಕೆಮ್ಮಣ್ಣಿನ ಇಂಥ ನೆಲದಲ್ಲಿ ಮುಂಚಕ್ರದ ಹಿಡಿತವೇ ಮುಖ್ಯ. ಮಲೆನಾಡಿನ ಕಾಫಿ ತೋಟದ ದಾರಿಗಳಲ್ಲಿ ಮಳೆಗಾಲದಲ್ಲಿ ಬೇರುಗಳೂ ಪಾಚಿಯೂ ಜಾರಿಸುತ್ತವೆ, ಬ್ರೇಕಿನ ಹದ ಅಲ್ಲಿ ತಿಳಿಯುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣಿನ ಹೊಲದ ದಾರಿಗಳಲ್ಲಿ ಓಡಿಸುವವರು ಸಸ್ಪೆನ್ಷನ್‌ಗಿಂತ ಮೊದಲು ನೋಡಬೇಕಾದದ್ದು ಟಯರು ಮತ್ತು ಫ್ರೇಮಿನ ನಡುವಿನ ಸಂದು: ಮಳೆ ಬಿದ್ದ ಮೇಲೆ ಅಂಟುವ ಮಣ್ಣು ಆ ಸಂದಿನಲ್ಲಿ ಗಟ್ಟಿಯಾಗಿ ತುಂಬಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ಅದನ್ನು ಟಾರು ರಸ್ತೆಯ ಯಾವ ಟೆಸ್ಟ್ ರೈಡೂ ತೋರಿಸದು, ಆದರೆ ಅಂಗಡಿಯಲ್ಲಿ ನಿಂತಲ್ಲೇ ಟಯರಿನ ಎರಡೂ ಬದಿಗೆ ಕಿರುಬೆರಳು ತೂರಿಸಿ ನೋಡಿದರೆ ಅಂದಾಜು ಸಿಗುತ್ತದೆ.

ಹಾದಿಯ ಸವಾರಿಯಲ್ಲಿ ವೇಗ ಪರೀಕ್ಷಿಸಲು ಹೋಗಬಾರದು. ನೂರೈವತ್ತು ಇನ್ನೂರು ಮೀಟರಿನ, ಒಂದು ಏರು, ಒಂದು ಬಿಗಿ ತಿರುವು, ಸ್ವಲ್ಪ ಕಲ್ಲು ಇರುವ ತುಣುಕನ್ನು ಆರಿಸಿ ಅದನ್ನೇ ಮತ್ತೆ ಮತ್ತೆ ಓಡಿಸಬೇಕು. ಏರಿನಲ್ಲಿ ಕೂತೇ ತುಳಿಯುವಾಗ ಮುಂಚಕ್ರ ಅಲೆದಾಡುತ್ತದೆಯೇ, ತಿರುವಿನಲ್ಲಿ ಬಯಸಿದ ಕಡೆಗೆ ನೋಟ ಹೊರಳಿಸಿದಾಗ ಸೈಕಲ್ ಹಿಂಬಾಲಿಸುತ್ತದೆಯೇ, ಗಂಟೆಯ ಕೊನೆಗೆ ಸೊಂಟ ಅಥವಾ ಮಣಿಕಟ್ಟು ನೋಯುತ್ತದೆಯೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುತ್ತದೆ. ಕೊನೆಯ ಪ್ರಶ್ನೆಗೆ ಬೇರೆ ಯಾವ ಬಗೆಯ ಪರೀಕ್ಷೆಯೂ ಉತ್ತರ ಕೊಡದು.

ಪರಿಚಯದವರ ಸೈಕಲ್ ಸಿಕ್ಕರೆ ಅದು ಬಾಡಿಗೆಯದಕ್ಕಿಂತ ಮೇಲು, ಏಕೆಂದರೆ ಅದರ ಗುಣದೋಷಗಳನ್ನು ಬಲ್ಲ ಮಾಲೀಕರು ಜೊತೆಗಿರುತ್ತಾರೆ. ಅವರ ತೂಕಕ್ಕೆ ಹೊಂದಿಸಿದ ಸಸ್ಪೆನ್ಷನ್ ನಿಮಗೆ ಹೊಂದುವುದಿಲ್ಲ ಎಂಬುದನ್ನು ಮರೆಯಬಾರದು ಅಷ್ಟೇ.

ಸೆಕೆಂಡ್ ಹ್ಯಾಂಡ್ ಆದರೆ

ಇಲ್ಲಿ ಹೋಲಿಕೆಯ ಪ್ರಶ್ನೆಯೇ ಏಳುವುದಿಲ್ಲ. ಓಡಿಸದೆ ಹಳೆಯ ಮೌಂಟೇನ್ ಬೈಕ್ ಕೊಳ್ಳಬಾರದು, ಫೋಟೋ ಎಷ್ಟೇ ಚೆನ್ನಾಗಿರಲಿ. ಫ್ರೇಮಿನ ಬೆಸುಗೆಗಳ ಬಳಿ, ಅದರಲ್ಲೂ ಹೆಡ್ ಟ್ಯೂಬ್ ಮತ್ತು ಬಿಬಿ ಸುತ್ತ, ಕೂದಲಿನಂಥ ಬಿರುಕಿದೆಯೇ, ಫೋರ್ಕಿನ ಹೊಳಪು ಕಾಲಿನ ಮೇಲೆ ಉಗುರಿಗೆ ತಾಗುವ ಗೀರಿದೆಯೇ, ಹಿಂಚಕ್ರವನ್ನು ಮೆಲ್ಲಗೆ ಎತ್ತಿದಾಗ ಸಸ್ಪೆನ್ಷನ್ ಕೀಲುಗಳಲ್ಲಿ ಅಲುಗಾಟವಿದೆಯೇ ಎಂದು ನೋಡಿ, ಆಮೇಲೆ ಹತ್ತಬೇಕು. ಓಡಿಸುವಾಗ ಅತಿ ಚಿಕ್ಕ ಹಲ್ಲುಚಕ್ರದ ಮೇಲೆ ಚೈನಿಟ್ಟು ಬಲವಾಗಿ ತುಳಿದರೆ ಸವೆದ ಚೈನು ಹಲ್ಲು ಹಾರುತ್ತದೆ, ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿಸಿಕೊಳ್ಳಬಹುದು. ಮೂಲ ಬಿಲ್ ಇಲ್ಲದ ದುಬಾರಿ ಸೈಕಲ್ ಅಗ್ಗಕ್ಕೆ ಬರುತ್ತಿದ್ದರೆ ಓಡಿಸಿ ನೋಡುವ ಕಷ್ಟವನ್ನೂ ತೆಗೆದುಕೊಳ್ಳಬೇಡಿ.

ಬೆಲೆಗೆ ತಕ್ಕ ಪರೀಕ್ಷೆ

ಇಪ್ಪತ್ತು ಇಪ್ಪತ್ತೈದು ಸಾವಿರದೊಳಗಿನ ಸೈಕಲಿಗೆ ಅಂಗಡಿ ಮುಂದಿನ ಕಾಲು ಗಂಟೆ ಸಾಕು. ಅದರಲ್ಲಿ ಸೈಜನ್ನೂ ಜೋಡಣೆಯನ್ನೂ ನೋಡಿ; ಸಸ್ಪೆನ್ಷನ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಮೂವತ್ತರಿಂದ ಎಂಬತ್ತು ಸಾವಿರದ ಹಾರ್ಡ್‌ಟೇಲ್ ಕೊಳ್ಳುವವರು ಗಾಳಿ, ಫೋರ್ಕ್ ಹೊಂದಿಸಿಕೊಂಡು ಅರ್ಧ ಗಂಟೆಯ ಸವಾರಿ ಮಾಡಿ, ಅದರ ಜೊತೆಗೆ ಅಳತೆಪಟ್ಟಿಯನ್ನೂ ಓದಬೇಕು. ಎರಡೂ ಒಂದೇ ಮಾತು ಹೇಳಿದರೆ ಕೊಳ್ಳಬಹುದು. ಅಡ್ಡರಸ್ತೆಯ ಅನಿಸಿಕೆಗೂ ಪಟ್ಟಿಗೂ ತಾಳೆಯಾಗದಿದ್ದರೆ, ಸೈಜಿನ ವಿಷಯದಲ್ಲಿ ನಿಮ್ಮ ಮೈಯನ್ನೂ ಕೋನಗಳ ವಿಷಯದಲ್ಲಿ ಪಟ್ಟಿಯನ್ನೂ ನಂಬಿ. ಒಂದೂವರೆ ಲಕ್ಷ ದಾಟಿದ ಫುಲ್ ಸಸ್ಪೆನ್ಷನ್ ಸೈಕಲಿಗೆ ಮಾತ್ರ, ಅದನ್ನೋ ಅದರಂಥದ್ದನ್ನೋ ಹಾದಿಯ ಮೇಲೆ ಓಡಿಸದೆ ಹಣ ಕೊಡಬಾರದೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಎರಡು ಸೈಜುಗಳ ನಡುವೆ ಸಿಕ್ಕಿಕೊಂಡವರು ಅಂಗಡಿಯವರೊಡನೆ ಸ್ಟೆಮ್ ಬದಲಿಸಿಕೊಡುವ ಮಾತನ್ನು ಬಿಲ್ ಮಾಡಿಸುವ ಮೊದಲೇ ಆಡಬೇಕು. ಹಣ ಕೈದಾಟಿದ ಮೇಲೆ ಆ ಸ್ಟೆಮ್‌ಗೆ ಬೇರೆ ಬೆಲೆ ಬರುತ್ತದೆ.

ಟೆಸ್ಟ್ ರೈಡ್ ಆದ ಸೈಕಲೇ ಮನೆಗೆ ಬರಬೇಕೆಂದಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ಹೆಚ್ಚಿನ ಸಲ ಅದೇ ಮಾದರಿಯ ಇನ್ನೊಂದನ್ನು ಡಬ್ಬದಿಂದ ತೆಗೆದು ಜೋಡಿಸಿ ಕೊಡುತ್ತಾರೆ. ಆನ್‌ಲೈನಿನಲ್ಲಿ ಬಂದದ್ದನ್ನು ಮನೆಯಲ್ಲೇ ಜೋಡಿಸುವವರೂ ಉಂಟು. ಆ ಅವಸರದಲ್ಲಿ ಫೋರ್ಕನ್ನೇ ಹಿಂದುಮುಂದಾಗಿ ಕೂರಿಸುವ ತಪ್ಪು ಆಗಾಗ ಆಗುತ್ತದೆ. ಮುಂದಿನ ಡಿಸ್ಕ್ ಬ್ರೇಕಿನ ಕ್ಯಾಲಿಪರ್, ಎಂದರೆ ಪ್ಯಾಡುಗಳನ್ನು ಹಿಡಿದಿರುವ ಭಾಗ, ಸವಾರನಿಗೆ ಎಡಗಡೆ ಬರುವ ಫೋರ್ಕಿನ ಕಾಲಿನಲ್ಲಿರಬೇಕು. ಬಲಗಡೆ ಕಂಡರೆ ಫೋರ್ಕ್ ತಿರುಗಿದೆ ಎಂದೇ ತಿಳಿಯಬೇಕು. ಸೈಕಲ್ ಒಯ್ಯುವ ದಿನ ಇದನ್ನೊಮ್ಮೆ ನೋಡಿ, ಬ್ರೇಕ್ ಮತ್ತು ಹ್ಯಾಂಡಲ್ ಕೆಳಗಿನ ಬೇರಿಂಗಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಬಿಬಿಯ ಅಡಿಯಲ್ಲಿ ಕೊರೆದಿರುವ ಫ್ರೇಮ್ ನಂಬರನ್ನೂ ಸೈಜನ್ನೂ ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಿ.